ಡಬ್ಬಿ ಅರ್ಧ ವಾಪಸ್, ಬಾಟಲಿ ಪೂರ್ತಿ ವಾಪಸ್

ಪ್ರಶ್ನೆ: ಡಾಕ್ಟ್ರೇ, ನಮ್ಮದು ತುಮಕೂರು. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮಗಳಿಗೆ ಹನ್ನೆರಡು, ಏಳನೇ ಕ್ಲಾಸು. ಇಬ್ಬರೂ ಖಾಸಗಿ ಶಾಲೆಗೆ ಹೋಗುತ್ತಾರೆ. ಬೆಳಿಗ್ಗೆ 7:40ಕ್ಕೆ ವ್ಯಾನ್ ಬರುತ್ತದೆ. ಎಬ್ಬಿಸುವುದೇ ಒಂದು ಯುದ್ಧ. ತಿಂಡಿ ಎರಡು ತುತ್ತು, ಅದೂ ಬಾಯಿಗೆ ತುರುಕಬೇಕು. ಮಗನ ಊಟದ ಡಬ್ಬಿ ಅರ್ಧ ವಾಪಸ್ ಬರುತ್ತದೆ. ನೀರಿನ ಬಾಟಲಿ ಮುಟ್ಟಿರುವುದೇ ಇಲ್ಲ. ಸಂಜೆ ಬಂದ ತಕ್ಷಣ ಚಿಪ್ಸ್, ಬೇಕರಿ ಪಫ್ ಬೇಕು. ನಾನು ಬೇಡ ಅಂದರೆ ಅತ್ತೆಯವರು 'ಪಾಪ ಮಗು' ಅಂತ ಬಿಸ್ಕೆಟ್ ಕೊಡುತ್ತಾರೆ. ರಾತ್ರಿ ಊಟ ಬೇಡ, ಮೊಬೈಲ್ ಬೇಕು. ಮಲಗುವಾಗ ಹನ್ನೊಂದು. ಮಗಳಂತೂ ಶಾಲೆಯಲ್ಲಿ ಟಾಯ್ಲೆಟ್‌ಗೇ ಹೋಗುವುದಿಲ್ಲವಂತೆ. ಒಳ್ಳೆ ಅಭ್ಯಾಸ ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಎಲ್ಲಿಂದ ಶುರು ಮಾಡಲಿ? ಶಾಲೆಯವರನ್ನು ಏನು ಕೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಆರೇಳು ತೊಂದರೆಗಳು ಕಂಡವು. ಎರಡನೇ ಸಲ ಓದುವಾಗ ಅವೆಲ್ಲ ಒಂದರ ಬಾಲ ಇನ್ನೊಂದು ಕಚ್ಚಿಕೊಂಡಿರುವುದು ಗೊತ್ತಾಯಿತು. ನೀವೇ ನೋಡಿ. ಹನ್ನೊಂದಕ್ಕೆ ಮಲಗಿದ ಹುಡುಗ ಆರಕ್ಕೆ ಏಳುವುದಿಲ್ಲ. ಏಳಕ್ಕೆ ಎಳೆದು ಕೂರಿಸಬೇಕು. ಎದ್ದ ತಕ್ಷಣ ಯಾರಿಗೂ ಹಸಿವಾಗುವುದಿಲ್ಲ. ಎರಡು ತುತ್ತು ತಿಂದು ವ್ಯಾನಿಗೆ ಓಡುತ್ತಾನೆ. ಎರಡಕ್ಕೆ ಹೋಗಲು ಪುರುಸೊತ್ತಿಲ್ಲ. ಹೊಟ್ಟೆ ಕಟ್ಟಿಕೊಂಡವನಿಗೆ ಮಧ್ಯಾಹ್ನ ಊಟ ಸೇರುವುದಿಲ್ಲ. ನೀರು ಕುಡಿದರೆ ಶಾಲೆಯ ಟಾಯ್ಲೆಟ್‌ಗೆ ಹೋಗಬೇಕು, ಹಾಗಾಗಿ ನೀರೂ ಇಲ್ಲ. ನಾಲ್ಕೂವರೆಗೆ ಮನೆ ಸೇರುವಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಕೈಗೆ ಸಿಗುವುದು ಚಿಪ್ಸ್. ಚಿಪ್ಸ್ ತಿಂದವನಿಗೆ ಎಂಟಕ್ಕೆ ಊಟ ಬೇಡ. ಹತ್ತಕ್ಕೆ ಮತ್ತೆ ಹಸಿವು. ಹನ್ನೊಂದಕ್ಕೆ ನಿದ್ದೆ. ಮಾರನೇ ದಿನ ಅದೇ ಕತೆ.

ಇದರಲ್ಲಿ ಮಗುವಿನ ಹಠ ಎಷ್ಟು? ನನ್ನ ಲೆಕ್ಕದಲ್ಲಿ ಬಹಳ ಕಡಿಮೆ. ನಿಮ್ಮ ಮನೆಯ ದಿನ ಎರಡು ಗಂಟೆ ಹಿಂದೆ ಬಿದ್ದಿದೆ, ಅಷ್ಟೇ. ಬುದ್ಧಿಮಾತಿಗೆ ಸದ್ಯಕ್ಕೆ ರಜೆ ಕೊಡಿ. ನಿಮ್ಮ ಗಂಟಲಿಗೂ ಸ್ವಲ್ಪ ಆರಾಮ ಸಿಗಲಿ. ಈಗ ಸರಿ ಮಾಡಬೇಕಾಗಿರುವುದು ಹೊತ್ತು.

ಬಹಳ ಜನ ಬೆಳಗಿನಿಂದ ಶುರು ಮಾಡುತ್ತಾರೆ. ನಾಳೆಯಿಂದ ಐದೂವರೆಗೆ ಏಳಬೇಕು, ಯೋಗ ಮಾಡಬೇಕು, ನೆನೆಸಿದ ಬಾದಾಮಿ ತಿನ್ನಬೇಕು! ಮೂರು ದಿನ ನಡೆಯುತ್ತದೆ. ನಾಲ್ಕನೇ ದಿನ ಅಮ್ಮನೇ ಅಲಾರಂ ಆಫ್ ಮಾಡಿ ಮಗ್ಗುಲು ಬದಲಿಸುತ್ತಾರೆ. ನಾನು ಹೇಳುವುದು, ಸಂಜೆ ನಾಲ್ಕೂವರೆಯಿಂದ ಶುರು ಮಾಡಿ. ಇಡೀ ದಿನದಲ್ಲಿ ಹಸಿವು ನಿಮ್ಮ ಪರವಾಗಿ ಕೆಲಸ ಮಾಡುವ ಹೊತ್ತು ಅದೊಂದೇ. ಬೆಳಿಗ್ಗೆ ಏಳಕ್ಕೆ ಮುದ್ದೆ ತೋರಿಸಿದರೆ ಮುಖ ತಿರುಗಿಸುವ ಹುಡುಗ ನಾಲ್ಕೂವರೆಗೆ ಏನು ಕೊಟ್ಟರೂ ತಿನ್ನುತ್ತಾನೆ. ಆ ಹೊತ್ತನ್ನು ನಾವು ಬೇಕರಿಗೆ ಬಿಟ್ಟುಕೊಟ್ಟಿದ್ದೇವೆ.

ಹಾಗಾಗಿ ಸಂಜೆ ಕುರುಕಲು ಬೇಡ, ಸರಿಯಾದ ಊಟವನ್ನೇ ಕೊಡಿ. ಮಧ್ಯಾಹ್ನದ ಬಸ್ಸಾರು ಉಳಿದಿದ್ದರೆ ಬಿಸಿ ಮಾಡಿ, ಜೊತೆಗೆ ಒಂದು ಸಣ್ಣ ಮುದ್ದೆ. ಬೆಳಗಿನ ಇಡ್ಲಿ ಉಳಿದಿದ್ದರೆ ಪುಡಿ ಮಾಡಿ ಈರುಳ್ಳಿ, ಕರಿಬೇವು ಹಾಕಿ ಒಗ್ಗರಣೆ. (ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೈಗೆಟಕುವ ಊರಿನವರಿಗೆ ಇಡ್ಲಿಯ ಬಗ್ಗೆ ನಾನು ಹೇಳುವುದೇನಿದೆ!) ಅಕ್ಕಿ ರೊಟ್ಟಿಗೆ ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು ಸೇರಿಸಿ ತಟ್ಟಿ. ಹೆಸರುಕಾಳು ಉಸಲಿ, ಬೇಯಿಸಿದ ಕಡಲೆಕಾಯಿ, ಮೊಟ್ಟೆ ದೋಸೆ ಯಾವುದಾದರೂ ಸರಿ. ಏನೂ ಮಾಡಲು ಆಗದ ದಿನ ಮಂಡಕ್ಕಿಗೆ ಹುರಿಗಡಲೆ, ಟೊಮೆಟೊ ಹಾಕಿ ನಿಂಬೆಹಣ್ಣು ಹಿಂಡಿ ಕೊಡಿ. ಐದು ನಿಮಿಷದ ಕೆಲಸ.

ಆದರೆ ಒಂದು ಗುಟ್ಟಿದೆ. ವ್ಯಾನ್ ಬರುವ ಮೊದಲೇ ತಟ್ಟೆ ಮೇಜಿನ ಮೇಲೆ ಇರಬೇಕು. 'ಏನು ಬೇಕು ಕಂದಾ?' ಅಂತ ಕೇಳಿದಿರೋ, ಚಿಪ್ಸ್ ಎನ್ನುವ ಉತ್ತರ ತಯಾರಾಗಿಯೇ ಇರುತ್ತದೆ. ಕೇಳಬೇಡಿ, ಬಡಿಸಿ. ಇನ್ನು ಚಿಪ್ಸ್ ಪ್ಯಾಕೆಟ್ ಮನೆಯಲ್ಲಿ ಇಟ್ಟುಕೊಂಡು, ಮುಟ್ಟಬೇಡ ಅಂತ ಕಾವಲು ಕಾಯುವುದು ಯಾರಿಗೂ ಆಗದ ಕೆಲಸ. ತರಬೇಡಿ, ಮುಗಿಯಿತು. ಭಾನುವಾರ ಒಂದು ಪ್ಯಾಕೆಟ್ ತಂದು ಎಲ್ಲರೂ ಹಂಚಿಕೊಂಡು ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ಪೂರ್ತಿ ನಿಷೇಧ ಹಾಕಿದ ಮನೆಯ ಮಕ್ಕಳು ಗೆಳೆಯರ ಮನೆಯಲ್ಲಿ ಎರಡು ಪಟ್ಟು ತಿನ್ನುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅತ್ತೆಯವರ ವಿಷಯ. ಅವರ ಕೈಯಿಂದ ಬಿಸ್ಕೆಟ್ ಡಬ್ಬ ಕಿತ್ತುಕೊಂಡರೆ ಜಗಳ ಗ್ಯಾರಂಟಿ. ಅದರ ಬದಲು ನಾಲ್ಕೂವರೆಯ ಉಸ್ತುವಾರಿಯನ್ನೇ ಅವರಿಗೆ ಕೊಟ್ಟುಬಿಡಿ. ಕಾವಲಿಯಿಂದ ಬಿಸಿ ರೊಟ್ಟಿ ಎತ್ತಿ ಮೇಲೆ ಒಂದು ಚಮಚ ತುಪ್ಪ ಸವರಿ ಮೊಮ್ಮಗನ ತಟ್ಟೆಗೆ ಹಾಕುವ ಕೆಲಸ ಇದ್ದರೆ, ಅಜ್ಜಿಗೆ ಬಿಸ್ಕೆಟ್ ನೆನಪಾಗುವುದೇ ಇಲ್ಲ. ಅವರು ಪ್ರೀತಿ ತೋರಿಸಲು ಒಂದು ದಾರಿ ಹುಡುಕುತ್ತಿರುತ್ತಾರೆ ಅಷ್ಟೇ, ಅಲ್ವಾ?

ಐದಕ್ಕೆ ಹೊಟ್ಟೆ ತುಂಬಿದ ಮೇಲೆ ಆಟಕ್ಕೆ ಕಳಿಸಿ. ಹೋಮ್‌ವರ್ಕ್ ಆಮೇಲೆ. ಆರು ಗಂಟೆ ಬೆಂಚಿನ ಮೇಲೆ ಕೂತು ಬಂದ ಮಗುವನ್ನು ಮತ್ತೆ ಕೂರಿಸಿದರೆ ಅರ್ಧ ಗಂಟೆಯ ಲೆಕ್ಕಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಕೋಚಿಂಗ್, ಜೆರ್ಸಿ ಏನೂ ಬೇಡ. ಲಗೋರಿ, ಕುಂಟೆಬಿಲ್ಲೆ, ಸೈಕಲ್, ಹಗ್ಗದಾಟ ಸಾಕು. ಮಗಳನ್ನೂ ಕಳಿಸಿ. ಹನ್ನೆರಡಾಯಿತು ಅಂತ ಹುಡುಗಿಯರನ್ನು ಅಂಗಳದಿಂದ ಒಳಗೆ ಕರೆದುಕೊಳ್ಳುತ್ತೇವಲ್ಲ, ಅದು ನನಗೆ ಬೇಸರ ತರಿಸುವ ಸಂಗತಿ. ಮೂಳೆ ಗಟ್ಟಿಯಾಗುವ ವಯಸ್ಸು ಅದೇ.

ಬಯಲಿನ ಆಟದಿಂದ ಕಣ್ಣಿಗೂ ಲಾಭವಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ಕ್ಲಾಸಿನ ಮಕ್ಕಳನ್ನು ಮೂರು ವರ್ಷ ಗಮನಿಸಿದರು. ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು. ಅಲ್ಲಿ ಮೂರು ವರ್ಷದಲ್ಲಿ ಸಮೀಪದೃಷ್ಟಿ ಬಂದ ಮಕ್ಕಳು ಶೇ. 30ರಷ್ಟು, ಉಳಿದ ಶಾಲೆಗಳಲ್ಲಿ ಶೇ. 40ರ ಹತ್ತಿರ. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕ್ಯಾರೆಟ್ ತಿಂದರೆ ಕನ್ನಡಕ ಬರುವುದಿಲ್ಲ ಅಂತ ನಂಬಿ ಕೂತವರು ಇದನ್ನು ಓದಬೇಕು. ಬೇಕಾಗಿರುವುದು ಬಿಸಿಲಿನ ಬೆಳಕು.

ಈಗ ರಾತ್ರಿ. ನಾಲ್ಕೂವರೆಗೆ ಸರಿಯಾಗಿ ತಿಂದು ಆಡಿ ಬಂದ ಮಗುವಿಗೆ ಏಳೂವರೆಗೆ ಮತ್ತೆ ಹಸಿವಾಗುತ್ತದೆ. ಆಗಲೇ ಊಟ. ತಟ್ಟೆಯಲ್ಲಿ ಏನಿರಬೇಕು ಅಂತ ನೀವು ತೀರ್ಮಾನ ಮಾಡಿ, ಎಷ್ಟು ತಿನ್ನಬೇಕು ಅಂತ ಅವನು ತೀರ್ಮಾನ ಮಾಡಲಿ. ಇದು ಕೇಳಲು ಸುಲಭ, ಪಾಲಿಸಲು ಕಷ್ಟ. 'ಇನ್ನೊಂದೇ ತುತ್ತು' ಅನ್ನುವ ಮಾತು ನಮ್ಮ ನಾಲಿಗೆ ಮೇಲೆಯೇ ಕೂತಿರುತ್ತದೆ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಎಂಟು-ಹತ್ತು ಸಲ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಸಲ ತಟ್ಟೆಯಲ್ಲಿ ಕಾಣಬೇಕು. ನಾವು ಎರಡು ಸಲ ಹಾಕಿ 'ಇವನಿಗೆ ಬದನೆಕಾಯಿ ಆಗಲ್ಲ' ಅಂತ ಷರಾ ಬರೆದುಬಿಡುತ್ತೇವೆ. ಒಂದು ಹೋಳು ಹಾಕಿ, ಮಾತಾಡದೆ ಇರಿ. ತಿನ್ನದಿದ್ದರೆ ಬಿಡಿ. ಮುಂದಿನ ವಾರ ಮತ್ತೆ ಒಂದು ಹೋಳು. ಪಲ್ಯ ಮುಗಿಸಿದರೆ ಚಾಕೊಲೇಟ್ ಅಂತ ಮಾತ್ರ ಹೇಳಬೇಡಿ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ.

ಮೊಬೈಲ್ ಬಗ್ಗೆ ನಾನು ಉದ್ದ ಭಾಷಣ ಮಾಡುವುದಿಲ್ಲ. ಎಂಟು ಗಂಟೆಗೆ ಮನೆಯ ಎಲ್ಲಾ ಫೋನುಗಳೂ ಹಾಲ್‌ನಲ್ಲಿ ಒಂದೇ ಕಡೆ ಚಾರ್ಜಿಗೆ ಹೋಗಲಿ. ಎಲ್ಲಾ ಅಂದರೆ ನಿಮ್ಮದೂ, ಯಜಮಾನರದೂ. ತಂದೆ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಮಲಗು ಎಂದರೆ ಅವನು ಯಾಕೆ ಮಲಗುತ್ತಾನೆ? ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಹನ್ನೊಂದರಿಂದ ಒಂಬತ್ತಕ್ಕೆ ಒಂದೇ ದಿನ ಹಾರಲು ಹೋಗಬೇಡಿ, ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಸುಮಾರು ಮೂರೂವರೆ ವಾರ ಬೇಕಾಗುತ್ತದೆ. ಏಳುವ ಹೊತ್ತನ್ನೂ ಅದರ ಜೊತೆಗೇ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದು ಒಂದು ಕಡೆ ನಿಲ್ಲಿಸಿ. ಭಾನುವಾರವೂ ಅದಕ್ಕಿಂತ ಒಂದು ಗಂಟೆಗಿಂತ ಜಾಸ್ತಿ ತಡವಾಗದಿರಲಿ. ಭಾನುವಾರ ಹತ್ತರವರೆಗೆ ಮಲಗಿದರೆ ಸೋಮವಾರ ಮತ್ತೆ ಯುದ್ಧ.

ಬೆಳಿಗ್ಗೆ ಆರಕ್ಕೆ ಎದ್ದರೆ ನಿಮಗೆ ಸಿಗುವ ದೊಡ್ಡ ಲಾಭ ಯಾವುದು ಗೊತ್ತೇ? ತಿಂಡಿಯಾದ ಮೇಲೆ ಇಪ್ಪತ್ತು ನಿಮಿಷ. ಹೊಟ್ಟೆಗೆ ಊಟ ಬಿದ್ದ ಮೇಲೆ ಕರುಳು ತಾನಾಗಿ ಅಲುಗಾಡಲು ಶುರು ಮಾಡುತ್ತದೆ. ಎರಡಕ್ಕೆ ಹೋಗಲು ಅದೇ ಪ್ರಶಸ್ತ ಹೊತ್ತು. ನಮ್ಮ ಮಕ್ಕಳು ಆ ಇಪ್ಪತ್ತು ನಿಮಿಷ ವ್ಯಾನಿನಲ್ಲಿ ಕೂತಿರುತ್ತಾರೆ. ತಡೆದುಕೊಂಡು ತಡೆದುಕೊಂಡು ಕೊನೆಗೆ ಆ ಕರೆಯೇ ಮಂಕಾಗುತ್ತದೆ.

ಒಬ್ಬ ಹುಡುಗನ ನೆನಪಾಗುತ್ತಿದೆ. ಎಂಟು ವರ್ಷ. ಸೋಮವಾರ ಬಂತೆಂದರೆ ಹೊಟ್ಟೆನೋವು. ಶಾಲೆ ತಪ್ಪಿಸಲು ನಾಟಕ ಅಂತ ಅಪ್ಪ, ಜಂತುಹುಳು ಅಂತ ಅಮ್ಮ, ದೃಷ್ಟಿ ಅಂತ ಅಜ್ಜಿ. ಸ್ಕ್ಯಾನಿಂಗ್ ಕೂಡ ಆಗಿತ್ತು. ಮಲಗಿಸಿ ಹೊಟ್ಟೆ ಮೇಲೆ ಕೈ ಇಟ್ಟೆ. ಎಡಗಡೆ ಕೆಳಗೆ ಗಟ್ಟಿಯಾಗಿ ಗಂಟು ಗಂಟಾಗಿ ಕೈಗೆ ಸಿಕ್ಕಿತು. ನಾಲ್ಕು ದಿನದಿಂದ ಅವನು ಎರಡಕ್ಕೆ ಹೋಗಿರಲಿಲ್ಲ. ಮನೆಯವರಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಎಂಟು ವರ್ಷದ ಹುಡುಗನನ್ನು ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ಯಾಕೆ ಹೋಗುವುದಿಲ್ಲ ಅಂತ ಕೇಳಿದೆ. ನೆಲ ನೋಡುತ್ತಾ ಹೇಳಿದ, 'ಬಾಗಿಲಿಗೆ ಚಿಲಕ ಇಲ್ಲ. ಫ್ರೆಂಡ್ ಹಿಡ್ಕೋಬೇಕು. ಅವನು ಬಿಟ್ಟುಬಿಡ್ತಾನೆ.' ಔಷಧಿ ಒಂದಷ್ಟು ತಿಂಗಳು ಬೇಕಾಯಿತು. ಆದರೆ ನಿಜವಾದ ಚಿಕಿತ್ಸೆ ಒಂದು ಚಿಲಕ. ನಲವತ್ತೋ ಐವತ್ತೋ ರೂಪಾಯಿ.

ಆದ್ದರಿಂದ ತಿಂಡಿಯ ನಂತರ ಹತ್ತು ನಿಮಿಷ ಮಗನನ್ನು ಟಾಯ್ಲೆಟ್‌ನಲ್ಲಿ ಕೂರಿಸಿ. ಬರಲಿ ಬಿಡಲಿ, ಕೂರುವುದು ಮುಖ್ಯ. ಕಮೋಡ್ ಆದರೆ ಕಾಲು ನೇತಾಡಬಾರದು, ಕೆಳಗೆ ಒಂದು ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಭಾರತೀಯ ಶೈಲಿಯದಾದರೆ ಆ ತಾಪತ್ರಯವೇ ಇಲ್ಲ. ಮೊಬೈಲ್ ಒಳಗೆ ಬೇಡ. ಮಲ ಗಟ್ಟಿಯಾಗಿ ರಕ್ತ ಬಂದರೆ, ಚಡ್ಡಿಯಲ್ಲಿ ಕಲೆ ಕಂಡರೆ, ವಾರಕ್ಕೆ ಎರಡೇ ಸಲ ಹೋಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕಲೆ ಕಂಡಿತು ಅಂತ ಹೊಡೆಯುವವರಿದ್ದಾರೆ. ಆ ಮಗುವಿಗೆ ಅದು ಗೊತ್ತೇ ಆಗಿರುವುದಿಲ್ಲ.

ಈಗ ಡಬ್ಬಿ. ಬೈಯುವ ಮೊದಲು ಒಂದು ಕೆಲಸ ಮಾಡಿ. ಮಗನ ಕೈಗೆ ಡಬ್ಬಿ ಕೊಟ್ಟು ತೆಗೆಯಲು ಹೇಳಿ, ಪಕ್ಕದಲ್ಲಿ ಗಡಿಯಾರ ನೋಡಿ. ನನ್ನ ಕ್ಲಿನಿಕ್‌ಗೆ ಶಾಲೆಯಿಂದ ನೇರವಾಗಿ ಬರುವ ಮಕ್ಕಳಿಗೆ ನಾನು ಇದನ್ನು ಮಾಡಿಸುತ್ತೇನೆ. ಎಷ್ಟೋ ಮಕ್ಕಳಿಗೆ ಮುಚ್ಚಳ ತೆಗೆಯಲು ಆಗುವುದೇ ಇಲ್ಲ! ಸಾರು ಚೆಲ್ಲಬಾರದು ಅಂತ ನಾವು ಒತ್ತಿ ಹಾಕಿರುತ್ತೇವೆ. ಮಿಸ್ ಹತ್ತಿರ ಕೇಳಲು ನಾಚಿಕೆ. ಡಬ್ಬಿ ಹಾಗೇ ವಾಪಸ್.

ಮುಚ್ಚಳ ತೆಗೆದ ಮೇಲೆ ಒಳಗೇನಿದೆ? ಬೆಳಿಗ್ಗೆ ಏಳಕ್ಕೆ ಕಟ್ಟಿದ ಚಪಾತಿ ಒಂದು ಗಂಟೆಗೆ ಚರ್ಮದ ಹಾಗಾಗಿರುತ್ತದೆ. ಊಟದ ಬಿಡುವು ಅರ್ಧ ಗಂಟೆ ಇದ್ದರೆ, ಕೈ ತೊಳೆದು ಕೂರುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಉಳಿದದ್ದರಲ್ಲಿ ಆಟವೂ ಆಡಬೇಕು. ಚಪಾತಿ ಜಗಿಯುತ್ತಾ ಕೂರುವ ಹುಡುಗ ಯಾರಿದ್ದಾನೆ? ಬೇಗ ನುಂಗಿ ಇಳಿಯುವಂಥದ್ದು ಕೊಡಿ. ಮೊಸರನ್ನಕ್ಕೆ ಬೆಳಿಗ್ಗೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ಚಪಾತಿಯೇ ಆದರೆ ತುಪ್ಪ ಮತ್ತು ಶೇಂಗಾ ಚಟ್ನಿಪುಡಿ ಸವರಿ, ಸುರುಳಿ ಸುತ್ತಿ, ಎರಡು ತುಂಡು ಮಾಡಿ. ಸೇಬು ಹೆಚ್ಚಿ ಕಳಿಸಬೇಡಿ, ಕಂದುಬಣ್ಣಕ್ಕೆ ತಿರುಗುತ್ತದೆ. ನಾನೇ ನನ್ನ ಮಗಳಿಗೆ ಎರಡು ವರ್ಷ ಕಳಿಸಿದೆ. ಅದೆಲ್ಲ ಶಾಲೆ ಹಿಂದಿನ ಗಿಡಕ್ಕೆ ಗೊಬ್ಬರವಾಗಿತ್ತು ಅಂತ ಅವಳು ಕಾಲೇಜು ಸೇರಿದ ಮೇಲೆ ಹೇಳಿದಳು. ಬಾಳೆಹಣ್ಣು, ಸೀಬೆಕಾಯಿ ವಾಸಿ.

ಅಳತೆ ಎಷ್ಟಿರಬೇಕು ಅಂದರೆ, ಸರ್ಕಾರಿ ಶಾಲೆಯ ಬಿಸಿಯೂಟದ ಲೆಕ್ಕ ಇಟ್ಟುಕೊಳ್ಳಿ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅದರಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 20 ಗ್ರಾಂ ಪ್ರೋಟೀನ್. ಎರಡು ಚಪಾತಿ, ಆಲೂಗಡ್ಡೆ ಪಲ್ಯದಲ್ಲಿ ಪ್ರೋಟೀನ್ ಏಳು ಗ್ರಾಂ ಆಸುಪಾಸು ಮಾತ್ರ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜ ಇಟ್ಟರೆ ಇನ್ನೊಂದು ಆರು ಗ್ರಾಂ ಸೇರಿ ಮಗನ ಲೆಕ್ಕ ಸರಿಹೋಗುತ್ತದೆ. ತಮಾಷೆ ನೋಡಿ, ಪಕ್ಕದ ಸರ್ಕಾರಿ ಶಾಲೆಯ ಮಗು ಅಕ್ಷರ ದಾಸೋಹದಲ್ಲಿ ಬಿಸಿ ಅನ್ನ ಸಾರು ಉಣ್ಣುತ್ತದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕುಡಿಯುತ್ತದೆ. ಮೊಟ್ಟೆ ಅಥವಾ ಬಾಳೆಹಣ್ಣೂ ಉಂಟು. ಫೀಸು ಕಟ್ಟಿದ ನಮ್ಮ ಮಗು ತಣ್ಣಗಿನ ಚಪಾತಿ ಎಳೆಯುತ್ತಾ ಕೂತಿರುತ್ತದೆ.

ಹಾಲಿಗೆ ಹಾಕುವ ಡಬ್ಬದ ಪುಡಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅವುಗಳನ್ನು 'ಹೆಲ್ತ್ ಡ್ರಿಂಕ್' ಎಂಬ ಪಟ್ಟಿಯಿಂದ ತೆಗೆಯಿರಿ ಅಂತ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟದ ಜಾಲತಾಣಗಳಿಗೆ ಹೇಳಿತು. ನಿಮ್ಮ ಜಿಲ್ಲೆಯಲ್ಲಿ ರಾಗಿಗೇನು ಬರವೇ? 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ರಾಗಿ ಹುರಿಹಿಟ್ಟಿಗೆ ಹಾಲು, ಚಿಟಿಕೆ ಏಲಕ್ಕಿ ಹಾಕಿದರೆ ಸಾಕು. ಹಣ್ಣಿನ ರಸ ಅಂತ ಮಾರುವ ಸಣ್ಣ ಪೆಟ್ಟಿಗೆಗಳ ಹಿಂಬದಿ ಓದಿ. 100 ಮಿಲಿಲೀಟರಿಗೆ 12-13 ಗ್ರಾಂ ಸಕ್ಕರೆ ಅಂತ ಬರೆದಿದ್ದರೆ, 200ರ ಪೆಟ್ಟಿಗೆಗೆ 25 ಗ್ರಾಂ ಆಯಿತು. ಐದಾರು ಟೀ ಚಮಚ. ಮಗುವಿನ ಒಂದಿಡೀ ದಿನಕ್ಕೆ ಅಷ್ಟೇ ಜಾಸ್ತಿ.

ಇನ್ನು ನೀರು, ಮತ್ತು ನಿಮ್ಮ ಮಗಳು. ಇವೆರಡೂ ಒಂದೇ ವಿಷಯ. ಅವಳು ನೀರು ಕುಡಿಯುವುದನ್ನು ಮರೆಯುತ್ತಿಲ್ಲ, ಯೋಚನೆ ಮಾಡಿಯೇ ಕುಡಿಯುತ್ತಿಲ್ಲ. ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಒಂದಕ್ಕೆ ಹೋಗದೆ ಇರಬೇಕಾದರೆ ಅದೊಂದೇ ದಾರಿ. ಇದರಿಂದ ಉರಿಮೂತ್ರ, ಮೂತ್ರದ ಸೋಂಕು, ತಲೆನೋವು, ಮಲಬದ್ಧತೆ ಬರುತ್ತವೆ. ಮುಟ್ಟು ಶುರುವಾದ ಮೇಲೆ ಕಷ್ಟ ಇನ್ನೂ ಜಾಸ್ತಿ. ಅವಳನ್ನು 'ನೀರು ಕುಡಿ' ಅಂತ ಗದರಬೇಡಿ. ರಾತ್ರಿ ದೀಪ ಆರಿಸಿದ ಮೇಲೆ ಪಕ್ಕದಲ್ಲಿ ಮಲಗಿ ಸುಮ್ನೆ ಕೇಳಿ. ನಾತ ಬರುತ್ತದಾ? ನೀರು ಬರುವುದಿಲ್ಲವಾ? ಚಿಲಕ ಇದೆಯಾ? ಪೀರಿಯಡ್ ನಡುವೆ ಹೋಗಲು ಟೀಚರ್ ಬಿಡುತ್ತಾರಾ? ಪ್ಯಾಡ್ ಎಸೆಯಲು ಬುಟ್ಟಿ ಇದೆಯಾ? ಉತ್ತರ ಕತ್ತಲೆಯಲ್ಲಿ ಬೇಗ ಬರುತ್ತದೆ. ಆ ಉತ್ತರವೇ ನೀವು ಶಾಲೆಗೆ ತೆಗೆದುಕೊಂಡು ಹೋಗಬೇಕಾದ ಅರ್ಜಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಎದ್ದ ಕೂಡಲೇ ಒಂದು ಲೋಟ, ಸಂಜೆ ಬಂದ ಕೂಡಲೇ ಎರಡು ಲೋಟ. ಮೂತ್ರದ ಬಣ್ಣ ತಿಳಿ ಹಳದಿ ಇರಬೇಕು, ಕಡು ಹಳದಿ ಕಂಡರೆ ನೀರು ಸಾಲದು ಅಂತ ಮಕ್ಕಳಿಗೇ ಕಲಿಸಿ. ದೊಡ್ಡ ಬಾಟಲಿ ಕೊಡಬೇಡಿ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ತೂಕ. ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಮೂರರಿಂದ ಐದನೇ ಕ್ಲಾಸಿನ ಮಗುವಿನ ಚೀಲವೇ 2ರಿಂದ 3 ಕೆ.ಜಿ., ಆರರಿಂದ ಎಂಟರವರೆಗೆ 3ರಿಂದ 4 ಕೆ.ಜಿ. ಮೀರಬಾರದು. ಅರ್ಧ ಲೀಟರ್ ಬಾಟಲಿ ಕೊಟ್ಟು, ಮಧ್ಯಾಹ್ನ ಶಾಲೆಯಲ್ಲಿ ತುಂಬಿಸಿಕೊಳ್ಳಲು ಹೇಳಿ. ತುಂಬಿಸಿಕೊಳ್ಳಲು ಶುದ್ಧ ನೀರು ಇದ್ದರೆ, ಅನ್ನಿ.

ಹಾಗಾದರೆ ಶಾಲೆಯವರನ್ನು ಏನು ಕೇಳುವುದು? ಜಂಕ್ ಫುಡ್ ಬಗ್ಗೆ ಒಂದು ಉಪನ್ಯಾಸ ಇಟ್ಟುಕೊಳ್ಳಿ ಅಂತ ದಯವಿಟ್ಟು ಕೇಳಬೇಡಿ. ಅಂಥ ಉಪನ್ಯಾಸಗಳನ್ನು ನಾನೇ ಎಷ್ಟೋ ಕೊಟ್ಟಿದ್ದೇನೆ. ಕೊನೆಯಲ್ಲಿ ಮಕ್ಕಳಿಗೆ ಕೊಟ್ಟಿದ್ದು ಕ್ರೀಮ್ ಬಿಸ್ಕೆಟ್. ಕೈಗೆ ಸಿಗುವಂಥದ್ದನ್ನು ಕೇಳಿ. ಮೊದಲು ಟಾಯ್ಲೆಟ್: ಚಿಲಕ, ನೀರು, ಬುಟ್ಟಿ, ಕೇಳಿದಾಗ ಹೋಗಲು ಬಿಡುವ ಟೀಚರ್. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯಲು ಸುರಕ್ಷಿತ ನೀರು ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನೀವು ಕೇಳುತ್ತಿರುವುದು ಉಪಕಾರ ಅಲ್ಲ. ಎರಡನೆಯದು ನೀರಿನ ಗಂಟೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಇದು ಸುದ್ದಿಯಾಯಿತು, ನಮ್ಮಲ್ಲೂ ಆಗ ಶಿಕ್ಷಣ ಇಲಾಖೆ ಶಾಲೆಗಳಿಗೆ ಹೇಳಿತ್ತು. ದಿನಕ್ಕೆ ಎರಡು ಮೂರು ಸಲ ಗಂಟೆ ಹೊಡೆದು ಎಲ್ಲರೂ ಕೂತಲ್ಲೇ ಬಾಟಲಿ ಎತ್ತುವುದು. ಖರ್ಚು ಸೊನ್ನೆ. ಒಬ್ಬಳೇ ಎದ್ದು ಕುಡಿಯಲು ಮುಜುಗರಪಡುವ ಹುಡುಗಿ ಎಲ್ಲರ ಜೊತೆ ಕುಡಿಯುತ್ತಾಳೆ. ಆದರೆ ನೆನಪಿಡಿ, ಟಾಯ್ಲೆಟ್ ಸರಿ ಇಲ್ಲದೆ ನೀರಿನ ಗಂಟೆ ಹೊಡೆದರೆ ಮಕ್ಕಳು ಬಾಟಲಿ ಬಾಯಿಗಿಟ್ಟು ಕುಡಿದ ನಟನೆ ಮಾಡುತ್ತಾರೆ.

ಮೂರನೆಯದಾಗಿ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ, ಹೋಮ್‌ವರ್ಕ್ ಮಾಡಿಲ್ಲ ಅಂತ ಆಟ ತಪ್ಪಿಸುವ ಶಿಕ್ಷೆ ಬೇಡ ಅಂತ ಹೇಳಿ. ಕೂರಲಾಗದೆ ಚಡಪಡಿಸುವ ಮಗುವಿನ ಆಟವನ್ನೇ ಕಿತ್ತುಕೊಂಡರೆ ಅದು ಇನ್ನೂ ಚಡಪಡಿಸುತ್ತದೆ, ಅಲ್ವಾ? ಕ್ಯಾಂಟೀನ್ ಇದ್ದರೆ ಅದರ ಬಗ್ಗೆಯೂ ಮಾತಾಡಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಗಳನ್ನು ಶಾಲೆಯೊಳಗಾಗಲಿ, ಶಾಲೆಯ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನಿಮ್ಮದು ಸಿಬಿಎಸ್‌ಇ ಶಾಲೆಯಾದರೆ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಅಂತ ತೋರಿಸುವ 'ಶುಗರ್ ಬೋರ್ಡ್' ಹಾಕಬೇಕು ಅಂತ ಮಂಡಳಿ 2025ರಲ್ಲಿ ಸೂಚಿಸಿದೆ.

ಒಬ್ಬರೇ ಹೋಗಬೇಡಿ. ನಾಲ್ಕು ಜನ ಅಮ್ಮಂದಿರು, ಇಬ್ಬರಾದರೂ ಅಪ್ಪಂದಿರು ಸೇರಿ. ದೂರಿನ ದನಿಯಲ್ಲಿ ಶುರು ಮಾಡಬೇಡಿ. 'ಚಿಲಕ ನಾವು ತಂದುಕೊಡುತ್ತೇವೆ, ಹಾಕಿಸುತ್ತೀರಾ?' ಅಂತ ಕೇಳಿದರೆ ಬಹಳ ಮುಖ್ಯೋಪಾಧ್ಯಾಯರು ನಾಚಿಕೊಂಡು ತಾವೇ ಹಾಕಿಸುತ್ತಾರೆ. ಸರ್ಕಾರಿ ಶಾಲೆಯ ಪೋಷಕರು ಇದನ್ನು ಓದುತ್ತಿದ್ದರೆ, ನಿಮಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅಲ್ಲಿ ಪೋಷಕರದೇ ಹೆಚ್ಚು ಸಂಖ್ಯೆ.

ನಿಮ್ಮ ಕಣ್ಣಿಗೇ ಕಾಣುವ ಕೆಲವು ಗುರುತುಗಳಿವೆ. ಬಾಗಿಲ ಚೌಕಟ್ಟಿನ ಪಕ್ಕ ಗೋಡೆಗೆ ಮಗುವನ್ನು ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಿ, ತಾರೀಖು ಬರೆಯಿರಿ. ಮಗನ ವಯಸ್ಸಿನಲ್ಲಿ ವರ್ಷಕ್ಕೆ 5-6 ಸೆಂ.ಮೀ. ಏರಬೇಕು, ತೂಕ 2-3 ಕೆ.ಜಿ. ಕೂಡಬೇಕು. ಆರು ತಿಂಗಳಾದರೂ ತೂಕ ಜಗ್ಗದಿದ್ದರೆ ತೋರಿಸಿ. ಇನ್ನೊಂದು ಗುರುತು ಕತ್ತಿನ ಹಿಂದೆ. ಅಲ್ಲಿ ಚರ್ಮ ಕಪ್ಪಾಗಿ, ದಪ್ಪಗೆ, ಮಖಮಲ್ಲಿನ ಹಾಗೆ ಕಂಡರೆ ಅದು ಕೊಳೆ ಅಲ್ಲ. ಕಡಲೆಹಿಟ್ಟು, ನಿಂಬೆಸಿಪ್ಪೆ ಹಾಕಿ ಉಜ್ಜಿ ಉಜ್ಜಿ ಮಗುವಿನ ಕತ್ತು ಕೆಂಪಾಗಿಸಿಕೊಂಡು ಬರುವ ಅಮ್ಮಂದಿರಿದ್ದಾರೆ. ತೂಕ ಜಾಸ್ತಿಯಾದ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಚರ್ಮ ಹೇಳುವ ರೀತಿ ಅದು. ಉಜ್ಜಿದರೆ ಹೋಗುವುದಿಲ್ಲ, ತೂಕ ಇಳಿದರೆ ತಿಳಿಯಾಗುತ್ತದೆ. ಅಂಥ ಮಗುವನ್ನು ನೆಂಟರ ಮುಂದೆ ಡುಮ್ಮ ಎನ್ನಬೇಡಿ, ಕಡ್ಡಿ ಎನ್ನುವುದೂ ಬೇಡ.

ರಕ್ತಹೀನತೆಯನ್ನೂ ಮರೆಯಬೇಡಿ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 24, ಹದಿಹರೆಯದವರಲ್ಲಿ ಶೇ. 28 ಮಂದಿಗೆ ರಕ್ತ ಕಡಿಮೆ ಇತ್ತು. ಚೆನ್ನಾಗಿ ಕಾಣುವ ಮಕ್ಕಳೂ ಅದರಲ್ಲಿದ್ದಾರೆ. ತಿಂಡಿಯ ಜೊತೆ ಟೀ ಕೊಡುವ ರೂಢಿ ಇದ್ದರೆ ನಿಲ್ಲಿಸಿ, ಊಟದ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಸೊಪ್ಪು, ಕಾಳಿನ ಮೇಲೆ ನಿಂಬೆ ಹಿಂಡಿದರೆ ಜಾಸ್ತಿ ಹತ್ತುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಇದೆ, ನಿಮ್ಮ ಮಗನ ವಯಸ್ಸಿಗೆ ಗುಲಾಬಿ ಬಣ್ಣದ್ದು, ಮಗಳಿಗೆ ನೀಲಿ. ಊಟದ ಮೇಲೆ ನುಂಗಬೇಕು. ಮಲ ಕಪ್ಪಾದರೆ ಗಾಬರಿ ಬೇಡ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. 'ನಮ್ಮ ಮಗುವಿಗೆ ಬೇಡ' ಅಂತ ಚೀಟಿ ಬರೆದು ಕಳಿಸುವವರು ಹೆಚ್ಚಾಗಿ ಓದಿದವರೇ. ಬರೆಯಬೇಡಿ. ಹಲ್ಲಿನ ವಿಷಯಕ್ಕೆ ಒಂದೇ ಮಾತು: ರಾತ್ರಿ ಉಜ್ಜುವುದು ಬೆಳಗಿಗಿಂತ ಮುಖ್ಯ. ಆರನೇ ವರ್ಷಕ್ಕೆ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಹೋದರೆ ಮತ್ತೆ ಬರುವುದಿಲ್ಲ. ಮಗನ ಬಾಯಿಗೆ ಟಾರ್ಚ್ ಹಾಕಿ ನೋಡಿ.

ಇಷ್ಟನ್ನೂ ಒಟ್ಟಿಗೆ ಶುರು ಮಾಡಲು ಹೋಗಬೇಡಿ. ಮೊದಲ ವಾರ ನಾಲ್ಕೂವರೆಯ ತಟ್ಟೆ ಮಾತ್ರ. ಅದು ಸಲೀಸಾದ ಮೇಲೆ ರಾತ್ರಿಯ ಊಟದ ಹೊತ್ತು, ಆಮೇಲೆ ನಿದ್ದೆ. ಬೆಳಗು ತಾನಾಗಿಯೇ ಹಿಂದೆ ಬರುತ್ತದೆ. ನಡುವೆ ಮದುವೆ ಬರುತ್ತದೆ, ಜಾತ್ರೆ ಬರುತ್ತದೆ, ಪರೀಕ್ಷೆ ಬರುತ್ತದೆ. ಕೆಟ್ಟುಹೋಗುತ್ತದೆ. ಮತ್ತೆ ನಾಲ್ಕೂವರೆಯಿಂದ ಶುರು ಮಾಡಿ.

ಮುಂದಿನ ಪೋಷಕರ ಸಭೆಗೆ ಹತ್ತು ನಿಮಿಷ ಮೊದಲೇ ಹೋಗಿ. ಮಾರ್ಕ್ಸ್ ಕಾರ್ಡ್ ಆಮೇಲೆ ನೋಡಿದರಾಯಿತು. ಮೊದಲು ಮಕ್ಕಳು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ನೋಡಿ, ಸೋಪು ಇದೆಯಾ ಅಂತ. ಇಲ್ಲದಿದ್ದರೆ, ಈರುಳ್ಳಿ ಬರುವ ಬಲೆ ಚೀಲ ಇರುತ್ತದಲ್ಲ, ಅದರ ಒಂದು ತುಂಡಿನಲ್ಲಿ ಸೋಪು ಕಟ್ಟಿ ನಲ್ಲಿಗೆ ನೇತುಹಾಕಿ ಬನ್ನಿ. ಜಾರಿ ಬೀಳುವುದಿಲ್ಲ, ಕಳೆದುಹೋಗುವುದಿಲ್ಲ, ಮಕ್ಕಳಿಗೆ ಹಿಸುಕಲು ಖುಷಿ. ಆಮೇಲೆ ಟಾಯ್ಲೆಟ್ ಕಡೆ ಹೋಗಿ ಬಾಗಿಲು ಹಾಕಿ ನೋಡಿ.